ರೈಸ್ ಮಿಲ್ಲಿನ ಎಪಿಎಫ್‌ಸಿ ಪ್ಯಾನೆಲ್: ಇದ್ದೂ ಕೆಲಸ ಮಾಡದಿರುವುದೇಕೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳಲ್ಲಿ ಕರೆಂಟ್ ಉಳಿಸುವ ಮಾತು ಬಂದರೆ ಮೊದಲು ಎಲ್‌ಇಡಿ, ಆಮೇಲೆ ಸೋಲಾರ್. ಮೂಲೆಯಲ್ಲಿ ತೌಡಿನ ಧೂಳು ಹಿಡಿದು ನಿಂತ ಎಪಿಎಫ್‌ಸಿ ಪ್ಯಾನೆಲ್ಲಿನ (ಲೋಡಿಗೆ ತಕ್ಕಂತೆ ಕೆಪಾಸಿಟರ್‌ಗಳನ್ನು ತಾನೇ ಸೇರಿಸಿ ಬಿಟ್ಟು ಪವರ್ ಫ್ಯಾಕ್ಟರ್ ಸರಿಯಿಡುವ ಪೆಟ್ಟಿಗೆಯ) ಬಾಗಿಲು ಮಾತ್ರ ಯಾರೂ ತೆಗೆಯುವುದಿಲ್ಲ. ಹೊಸ ಖರ್ಚಿಗೆ ಕೈಹಾಕುವ ಮೊದಲು ನೋಡಬೇಕಾದದ್ದು ಅದನ್ನೇ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಕೆಪಾಸಿಟರ್ ಹಾಕಿದ ಮಾತ್ರಕ್ಕೆ ಯೂನಿಟ್ ಅರ್ಧಕ್ಕಿಳಿಯುವುದಿಲ್ಲ. ಇಳಿಯುವುದು ಕೆವಿಎ (ಲೈನಿನಿಂದ ಎಳೆಯುವ ಒಟ್ಟು ಪವರ್), ಕೇಬಲ್ಲಿನಲ್ಲಿ ಹರಿಯುವ ಆಂಪ್ಸ್, ಮತ್ತು ಅದರಿಂದಾಗುವ ನಷ್ಟ. 100 ಕಿಲೋವ್ಯಾಟ್ ಲೋಡು 0.80 ಪವರ್ ಫ್ಯಾಕ್ಟರಿನಲ್ಲಿ (ಕೆವಿಎಯಲ್ಲಿ ನಿಜ ಕೆಲಸಕ್ಕೆ ಬರುವ ಪಾಲು) ಓಡಿದರೆ 125 ಕೆವಿಎ, 415 ವೋಲ್ಟಿಗೆ ಸುಮಾರು 174 ಆಂಪ್ಸ್. ಅದನ್ನೇ 0.98ಕ್ಕೆ ತಂದರೆ 102 ಕೆವಿಎ, 142 ಆಂಪ್ಸ್. ಪ್ಯಾನೆಲ್ಲಿಗಿಂತ ಹಿಂದಿನ ಮೇನ್ ಕೇಬಲ್ಲಿನ ನಷ್ಟ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಎಚ್‌ಟಿ (ಹೈ ಟೆನ್ಷನ್ ಸಂಪರ್ಕದ) ಮಿಲ್ಲಾದರೆ ಡಿಮ್ಯಾಂಡ್ ಶುಲ್ಕ ಕೆವಿಎ ಮೇಲೇ ಬೀಳುವುದರಿಂದ ಜೆಸ್ಕಾಂ ಬಿಲ್ಲಿನಲ್ಲಿ ಲಾಭ ನೇರವಾಗಿ ಕಾಣುತ್ತದೆ. ಸಾಕೆಟ್ಟಿಗೆ ಚುಚ್ಚಿದರೆ ಶೇಕಡಾ 30 ಉಳಿಯುತ್ತದೆ ಎನ್ನುವ ‘ಪವರ್ ಸೇವರ್’ ಡಬ್ಬಿಗಳಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಎಷ್ಟು ಕೆವಿಎಆರ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಬೇಕು? ಪವರ್ ಫ್ಯಾಕ್ಟರ್ ಎಂದರೆ ಒಂದು ಕೋನದ ಕಾಸ್ ಬೆಲೆ. ಈಗಿನ ಪವರ್ ಫ್ಯಾಕ್ಟರಿನ ಕೋನದ ಟ್ಯಾನ್ ಬೆಲೆಯಿಂದ ಬೇಕಾದದ್ದರ ಟ್ಯಾನ್ ಬೆಲೆ ಕಳೆದು, ಕಿಲೋವ್ಯಾಟಿನಿಂದ ಗುಣಿಸಿ. ಮೇಲಿನ ಲೋಡಿಗೆ 0.75ರಿಂದ 0.20 ಕಳೆದು 100ರಿಂದ ಗುಣಿಸಿದರೆ 55 ಕೆವಿಎಆರ್. ಅಷ್ಟಕ್ಕೆ ಲೇಬಲ್ಲಿನ ಮೇಲೂ 55 ಇದ್ದರೆ ಸಾಲದು. 440 ವೋಲ್ಟಿನ ಕೆಪಾಸಿಟರ್ 415 ವೋಲ್ಟಿನಲ್ಲಿ ಶೇಕಡಾ 89ರಷ್ಟನ್ನೇ ಕೊಡುತ್ತದೆ, ಏಕೆಂದರೆ ಕೆವಿಎಆರ್ ಬದಲಾಗುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಆದ್ದರಿಂದ 5, 10, 10, 15, 25 ಹೀಗೆ ಸ್ಟೆಪ್ಪುಗಳಾಗಿ (ಬೇರೆಬೇರೆಯಾಗಿ ಸೇರಿಸಿ ಬಿಡುವ ಕೆಪಾಸಿಟರ್ ಗುಂಪುಗಳಾಗಿ) ಒಟ್ಟು 65 ಹಾಕಿ. ಕೈಗೆ ಸಿಗುವುದು ಸುಮಾರು 58. ಎರಡು 25, ಒಂದು 15 ಹಾಕಿದರೆ ಮೊತ್ತ ಅದೇ 65 ಆಗುತ್ತದೆ, ಆದರೆ ಪಾಲಿಶರ್ ನಿಂತು ಎಲಿವೇಟರ್ ಮಾತ್ರ ಓಡುವಾಗ ಹೊಂದುವ ಸಣ್ಣ ಸ್ಟೆಪ್ಪೇ ಇರುವುದಿಲ್ಲ.

ಮಿಲ್ಲಿನಲ್ಲಿ ವಿಎಫ್‌ಡಿಗಳು (ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳು) ಹೆಚ್ಚಿದ್ದರೆ ಹಾರ್ಮೋನಿಕ್ಸ್‌ನಿಂದ (ಕರೆಂಟಿನ ಅಲೆ ಕೆಡಿಸುವ ಹೆಚ್ಚು ಆವರ್ತನದ ಅಲೆಗಳಿಂದ) ಬರೀ ಕೆಪಾಸಿಟರ್ ಬೇಗ ಉಬ್ಬುತ್ತದೆ. ಅಂಥಲ್ಲಿ ಶೇಕಡಾ 7ರ ಡಿಟ್ಯೂನ್ಡ್ ರಿಯಾಕ್ಟರ್ (ಕೆಪಾಸಿಟರಿನ ಜೊತೆ ಸರಣಿಯಲ್ಲಿ ಹಾಕುವ ಕಾಯಿಲ್) ಬೇಕು. ರಿಯಾಕ್ಟರ್ ಸೇರಿದರೆ ಕೆಪಾಸಿಟರ್ ತುದಿಯ ವೋಲ್ಟೇಜು 446ಕ್ಕೆ ಏರುತ್ತದೆ, 440ರ ಮಾಲು ತಾಳುವುದಿಲ್ಲ. 525 ವೋಲ್ಟಿನದು ಹಾಕಬೇಕು. ಹಾಗೆ ಹಾಕಿದಾಗ ಲೇಬಲ್ಲಿನ 25 ಕೆವಿಎಆರ್ ನಿಜದಲ್ಲಿ 17ರ ಆಸುಪಾಸು ಕೊಡುತ್ತದೆ. ಕೊಟೇಷನ್ನಿನಲ್ಲಿ ಈ ಲೆಕ್ಕ ಬಿಟ್ಟುಹೋದರೆ ಪ್ಯಾನೆಲ್ ಹೊಸದಾದರೂ ಪವರ್ ಫ್ಯಾಕ್ಟರ್ ಏರುವುದಿಲ್ಲ.

ಇನ್ನು ಸಿಟಿ, ಅಂದರೆ ಕೇಬಲ್ಲಿನ ಕರೆಂಟನ್ನು ಅಳೆಯಲು ಹಾಕುವ ಕರೆಂಟ್ ಟ್ರಾನ್ಸ್‌ಫಾರ್ಮರ್. ಹೆಚ್ಚಿನ ಪ್ಯಾನೆಲ್ಲುಗಳು ಕೆಡುವುದು ಇಲ್ಲಿಯೇ. ರಿಲೇಗೆ (ಸ್ಟೆಪ್ಪುಗಳನ್ನು ಸೇರಿಸಿ ಬಿಡುವ ನಿಯಂತ್ರಕಕ್ಕೆ) ಹೋಗುವ ಸಿಟಿ ಮೇನ್ ಇನ್‌ಕಮರ್ (ಒಳಬರುವ ಮುಖ್ಯ ಲೈನು) ಮೇಲೆ, ಕೆಪಾಸಿಟರಿನ ಕವಲು ಒಡೆಯುವುದಕ್ಕಿಂತ ಮುಂಚೆ ಇರಬೇಕು. ಕವಲು ದಾಟಿ ಲೋಡ್ ಕಡೆ ಕೂರಿಸಿದರೆ ಕೆಪಾಸಿಟರ್ ಸೇರಿದ್ದು ರಿಲೇಗೆ ಗೊತ್ತೇ ಆಗುವುದಿಲ್ಲ. ಅದು ಒಂದಾದ ಮೇಲೊಂದು ಸ್ಟೆಪ್ ಒತ್ತುತ್ತ, ಕೆಪಾಸಿಟರ್ ಅತಿಯಾಗಿ ಪವರ್ ಫ್ಯಾಕ್ಟರನ್ನು ಲೀಡಿಂಗ್‌ಗೆ ತಂದು ನಿಲ್ಲಿಸುತ್ತದೆ. ಸಾಮಾನ್ಯ ರಿಲೇಗೆ ಸಿಟಿ ಆರ್ ಫೇಸಿನಲ್ಲಿದ್ದರೆ ವೋಲ್ಟೇಜು ವೈ ಮತ್ತು ಬಿ ಫೇಸಿನಿಂದ ಬರಬೇಕು. ಕೇಬಲ್ ಬದಲಿಸಿದಾಗ ಫೇಸ್ ಅದಲುಬದಲಾದರೆ ರಿಲೇ ತಪ್ಪು ಓದುತ್ತದೆ. ಲೋಡು ಓಡುವಾಗ ಸಿಟಿಯ ಸೆಕೆಂಡರಿ ವೈರನ್ನು ಎಂದಿಗೂ ಬಿಚ್ಚಬಾರದು, ತುದಿಯಲ್ಲಿ ಅಪಾಯಕಾರಿ ವೋಲ್ಟೇಜು ಏಳುತ್ತದೆ.

ಕಾಂಟ್ಯಾಕ್ಟರ್ (ಸ್ಟೆಪ್ಪನ್ನು ಸೇರಿಸುವ ಸ್ವಿಚ್ಚು) ಕೆಟ್ಟಾಗ ಮೋಟಾರಿಗೆ ಹಾಕುವುದನ್ನೇ ತಂದು ಕೂರಿಸುವುದು ನಮ್ಮ ಕಡೆ ತೀರಾ ಮಾಮೂಲು. ಕೆಪಾಸಿಟರ್ ಸೇರುವ ಕ್ಷಣ ಕರೆಂಟು ಹತ್ತಾರು ಪಟ್ಟು ನುಗ್ಗುತ್ತದೆ, ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ. ರೆಸಿಸ್ಟರ್ ತಂತಿಗಳಿರುವ ಕೆಪಾಸಿಟರ್ ಡ್ಯೂಟಿ ಕಾಂಟ್ಯಾಕ್ಟರನ್ನೇ ಕೇಳಿ ತನ್ನಿ. ಬಿಟ್ಟ ಸ್ಟೆಪ್ಪನ್ನು ಮತ್ತೆ ಸೇರಿಸಲು ರಿಲೇಯಲ್ಲಿ ಕನಿಷ್ಠ 60 ಸೆಕೆಂಡ್ ಅಂತರ ಇಡಿ.

ಬಿಸಿಲೂ ನಮ್ಮ ಪ್ಯಾನೆಲ್ಲುಗಳ ಶತ್ರು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯಡಿ ಪ್ಯಾನೆಲ್ಲಿನೊಳಗೆ ಇನ್ನೂ ಹೆಚ್ಚು. ಸಾಮಾನ್ಯ ಕೆಪಾಸಿಟರಿಗೆ ಹೇಳಿರುವ ಗರಿಷ್ಠ ಮಿತಿಯೇ 55 ಡಿಗ್ರಿ. ಬಾಯ್ಲರ್ ಗೋಡೆಗೆ ಆನಿಸಿ ಪ್ಯಾನೆಲ್ ಇಡಬೇಡಿ. ಫಿಲ್ಟರನ್ನು ವಾರಕ್ಕೊಮ್ಮೆ ಝಾಡಿಸಿ. ಗಾಳಿ ಬರಲೆಂದು ಬಾಗಿಲು ತೆರೆದಿಟ್ಟರೆ ತೌಡು ಒಳಗೆ ಕೂತು ಎಣ್ಣೆಜಿಡ್ಡಿನ ಪದರವಾಗುತ್ತದೆ, ಅದು ಬಿಸಿಲಿಗಿಂತ ಕೆಟ್ಟದ್ದು.

ಪರೀಕ್ಷೆಗೆ ಟಾಂಗ್ ಟೆಸ್ಟರ್ (ವೈರಿಗೆ ಕಚ್ಚಿಸಿ ಆಂಪ್ಸ್ ಅಳೆಯುವ ಮೀಟರು) ಒಂದಿದ್ದರೆ ಸಾಕು. ರಿಲೇಯನ್ನು ಮ್ಯಾನುಯಲ್‌ಗೆ ಹಾಕಿ ಒಂದೊಂದೇ ಸ್ಟೆಪ್ ಸೇರಿಸಿ, ಮೂರೂ ಫೇಸ್ ಅಳೆಯಿರಿ. ರಿಯಾಕ್ಟರ್ ಇಲ್ಲದ 440 ವೋಲ್ಟಿನ 25 ಕೆವಿಎಆರ್ ಸ್ಟೆಪ್ಪು 415 ವೋಲ್ಟಿನಲ್ಲಿ ಸುಮಾರು 31 ಆಂಪ್ಸ್ ತೋರಿಸಬೇಕು. ಒಂದು ಫೇಸಿನಲ್ಲಿ ಸೊನ್ನೆಯಿದ್ದರೆ ಫ್ಯೂಸು ಹೋಗಿದೆ ಅಥವಾ ಲಗ್ ಸುಟ್ಟಿದೆ. ಮೂರೂ ಫೇಸಿನಲ್ಲಿ 25ಕ್ಕಿಂತ ಕೆಳಗಿದ್ದರೆ ಕೆಪಾಸಿಟರ್ ಸವೆದಿದೆ, ಬದಲಿಸಿ. ಕೈ ಹಾಕುವ ಮುನ್ನ ಮೇನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಮೀಟರಿನಲ್ಲಿ ವೋಲ್ಟೇಜು ಇಳಿದಿದೆಯೇ ನೋಡಿ, ಆಮೇಲೆ ಟರ್ಮಿನಲ್‌ಗಳನ್ನು ಶಾರ್ಟ್ ಮಾಡಿ. ಇದರಲ್ಲಿ ಅವಸರ ಬೇಡ. ನವೆಂಬರಿನಲ್ಲಿ ಮುಂಗಾರಿನ ಭತ್ತ ಬರುವ ಮೊದಲೇ ಈ ಕೆಲಸ ಮುಗಿಸಿ, ಅಳತೆಗಳನ್ನು ಬಾಗಿಲಿನ ಒಳಗೆ ಬರೆದು ಅಂಟಿಸಿದರೆ ಮುಂದಿನ ವರ್ಷ ಹೋಲಿಸಲು ಸುಲಭ.

ಪ್ಯಾನೆಲ್ ಸರಿಯಾದ ಮೇಲೆ ಸಾರ್ಟೆಕ್ಸ್‌ನ (ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರದ) ಕಂಪ್ರೆಸರ್ ನೋಡಿ. ಮಿಲ್ಲು ನಿಂತಾಗ ಏರ್ ಲೈನಿನ ವಾಲ್ವ್ ತೆರೆದಿಟ್ಟು ಕಂಪ್ರೆಸರ್ ಮಾತ್ರ ಓಡಿಸಿ. ಎರಡು ನಿಮಿಷ ಲೋಡು (ಗಾಳಿ ತುಂಬುವುದು), ಆರು ನಿಮಿಷ ಅನ್‌ಲೋಡು (ತುಂಬದೆ ಸುಮ್ಮನಿರುವುದು) ಆಗುತ್ತಿದ್ದರೆ ಕಂಪ್ರೆಸರ್ ತುಂಬುವ ಗಾಳಿಯ ಕಾಲುಭಾಗ ಸೋರುತ್ತಿದೆ. ಸೋಪಿನ ನೀರು ಹಚ್ಚಿದರೆ ಪೈಪಿನ ಜಾಯಿಂಟುಗಳಲ್ಲೇ ಗುಳ್ಳೆ ಏಳುತ್ತದೆ. ಡ್ರೈಯರ್ ಬ್ಲೋವರ್ ಡ್ಯಾಂಪರನ್ನು (ಗಾಳಿ ತಡೆಯುವ ಬಾಗಿಲನ್ನು) ಸದಾ ಅರ್ಧ ಮುಚ್ಚಿಯೇ ಓಡಿಸುವವರಿಗೆ ವಿಎಫ್‌ಡಿ ಲಾಭ. ಡ್ಯಾಂಪರ್ ಪೂರ್ತಿ ತೆರೆದು ವೇಗವನ್ನು ಶೇಕಡಾ 80ಕ್ಕೆ ಇಳಿಸಿದರೆ ಮೋಟಾರು ಪೂರ್ಣ ವೇಗದ ಅರ್ಧದಷ್ಟು ಪವರ್ ಸಾಕೆನ್ನುತ್ತದೆ. ಆ ಮೋಟಾರಿನ ತುದಿಯಲ್ಲಿ ಹಳೆಯ ಕೆಪಾಸಿಟರ್ ಇದ್ದರೆ ವಿಎಫ್‌ಡಿ ಹಾಕುವ ದಿನವೇ ಬಿಚ್ಚಿ ತೆಗೆಯಿರಿ, ಇಲ್ಲದಿದ್ದರೆ ಡ್ರೈವ್ ಟ್ರಿಪ್ ಆಗುತ್ತದೆ ಅಥವಾ ಸುಟ್ಟೇಹೋಗುತ್ತದೆ.