ಬಂದೆ ಸಾರ್

ಬಚ್ಚಲುಮನೆಯ ನಲ್ಲಿ ರಾತ್ರಿ ತೊಟ್ಟಿಕ್ಕಲು ಶುರು ಮಾಡಿತು. ಬಿಗಿಯಾಗಿ ತಿರುಗಿಸಿದೆ. ಇನ್ನೂ ಬಿಗಿಯಾಗಿ ತಿರುಗಿಸಿದೆ. ಅದಕ್ಕೆ ಸಿಟ್ಟು ಬಂತೇನೋ, ತೊಟ್ಟು ಹೋಗಿ ಸಣ್ಣ ಧಾರೆಯಾಯಿತು. ಕೆಳಗೊಂದು ಬಕೆಟ್ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಕೆಟ್ ತುಂಬಿ ಹರಿದು, ಚೊಂಬು ತೇಲಿಕೊಂಡು ಮೋರಿಯ ಬಾಯಿಗೆ ಹೋಗಿ ನಿಂತಿತ್ತು.

ಹೆಂಡತಿ ಆಫೀಸಿಗೆ ಹೊರಡುತ್ತಾ, “ಇವತ್ತು ಹೇಗೂ ಮನೇಲೇ ಇರ್ತೀರಲ್ಲ, ಪ್ಲಂಬರ್‌ನ ಕರೆಸಿಬಿಡಿ” ಅಂದಳು. ಕರೆಸಿಬಿಡಿ! ಹೇಳುವವರಿಗೆ ಎಷ್ಟು ಹಗುರ.

8.30ಕ್ಕೆ ಫೋನ್ ಮಾಡಿದೆ. ನಾನು ಮಾತು ಮುಗಿಸುವ ಮೊದಲೇ ಉತ್ತರ ಬಂತು. “ಬಂದೆ ಸಾರ್.”

ಖುಷಿಯಾಯಿತು. ಬಾಗಿಲು ತೆಗೆದಿಟ್ಟು ಗೇಟಿನವರೆಗೂ ಹೋಗಿ ನೋಡಿದೆ. ಯಾರೂ ಇಲ್ಲ. ಅಲ್ಲ, ‘ಬಂದೆ’ ಅಂದರೆ ಭೂತಕಾಲ ಅಲ್ವಾ? ಬಂದದ್ದು ಆಗಿಹೋಗಿದೆ ಅಂತ ತಾನೇ ಅರ್ಥ? ಹಾಗಾದರೆ ಬಂದವನು ಎಲ್ಲಿ?

ಅವನನ್ನು ಬೈದು ಪ್ರಯೋಜನವಿಲ್ಲ. ಊಟಕ್ಕೆ ಕರೆದರೆ ನಾನೂ ಮಂಚದ ಮೇಲೆ ಕಾಲು ಚಾಚಿಕೊಂಡೇ “ಬಂದೆ ಬಂದೆ” ಅನ್ನುತ್ತೇನೆ. ಬಸ್ಸು ಆ ತಿರುವಿನಲ್ಲಿ ಮೂತಿ ತೋರಿಸಿದ್ದೇ ತಡ, “ಬಂತು ಬಂತು” ಎಂದು ಎಲ್ಲರೂ ಚೀಲ ಎತ್ತಿಕೊಳ್ಳುತ್ತೇವೆ. ಜೇಬಿನಲ್ಲಿ ಪರ್ಸ್ ಸಿಗದಿದ್ದರೆ “ಸತ್ತೆ!” ಅನ್ನುತ್ತೇವೆ. ನಿಜವಾಗಿ ಸತ್ತವರು ಯಾರೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. ಇನ್ನು ಎದ್ದು ಹೊರಡುವಾಗ ಏನು ಹೇಳುತ್ತೇವೆ? “ಬರ್ತೀನಿ.” ಬರುವ ಮೊದಲು ಬಂದೆ, ಹೋಗುವಾಗ ಬರ್ತೀನಿ. ಯಾರಾದರೂ ಅಪ್ಪಿತಪ್ಪಿ ನಿಜ ಹೇಳಿ “ಹೋಗ್ತೀನಿ” ಅಂದರೆ, ಮನೆಯ ಹಿರಿಯರು “ಬಿಡ್ತು ಅನ್ನು” ಎಂದು ಗದರುತ್ತಾರೆ.

9.30ಕ್ಕೆ ಮತ್ತೆ ಫೋನ್. “ಇಲ್ಲೇ ನಂಜುಮಳಿಗೆ ಸರ್ಕಲ್‌ನಲ್ಲಿದ್ದೀನಿ ಸಾರ್. ಹತ್ತೇ ನಿಮಿಷ.” ಅವನ ಹಿಂದೆ ಕುಕ್ಕರ್ ಕೂಗಿತು. ನಮ್ಮ ಮೈಸೂರಿನ ನಂಜುಮಳಿಗೆ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಸರ್ಕಲ್ ಮಧ್ಯೆ ಬೇಳೆ ಬೇಯಿಸುವವರನ್ನು ಇದುವರೆಗೆ ಕಂಡಿಲ್ಲ. ಅಲ್ಲಿಂದ ಕುವೆಂಪುನಗರದ ನಮ್ಮ ಮನೆಗೆ ಸ್ಕೂಟರಿನಲ್ಲಿ ನಿಜಕ್ಕೂ ಹತ್ತು ನಿಮಿಷ ಸಾಕು. ಆದರೆ ಹತ್ತು ನಿಮಿಷ ಬೇರೆ, ‘ಹತ್ತೇ ನಿಮಿಷ’ ಬೇರೆ. ಆ ‘ಏ’ ಸೇರಿಕೊಂಡಿತು ಅಂದರೆ ಗಡಿಯಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಧಾರವಾಡದಿಂದ ನಮ್ಮ ಅತ್ತೆ ಬಂದು ಒಂದು ವಾರವಾಗಿತ್ತು. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು “ನಳದಾಂವ ಬಂದ್ನೇನ್ರಿ?” ಎಂದು ಕೇಳಿ ಒಳಗೆ ಹೋಗುತ್ತಿದ್ದರು. ನಮಗೆ ಅದು ನಲ್ಲಿ, ಅವರಿಗೆ ನಳ, ಪಠ್ಯಪುಸ್ತಕಕ್ಕೆ ಕೊಳಾಯಿ. ಮೂರೂ ಸೋರುವುದು ಮಾತ್ರ ಒಂದೇ ಥರ. ಅತ್ತೆಯ ಕನ್ನಡಕ್ಕೂ ನನ್ನದಕ್ಕೂ ಹಳೇ ಲೆಕ್ಕ ಒಂದು ಬಾಕಿ ಇದೆ. ಮದುವೆಯಾದ ಹೊಸದರಲ್ಲಿ ಧಾರವಾಡಕ್ಕೆ ಹೋದವನು, ಬೆಳಿಗ್ಗೆ ಎದ್ದು ಮಾವನವರಿಗೆ ಭಾರೀ ವಿನಯದಿಂದ “ತಿಂಡಿ ಆಯ್ತಾ?” ಎಂದು ಕೇಳಿದ್ದೆ. ಅವರು ಗಾಬರಿಯಿಂದ ತಮ್ಮ ಮೈಕೈ ನೋಡಿಕೊಂಡರು. ಆ ಕಡೆ ತಿಂಡಿ ಅಂದರೆ ತುರಿಕೆ. ತಿನ್ನುವುದಕ್ಕೆ ನಾಷ್ಟಾ. ಅಷ್ಟಾದರೂ ನಾನು ಬುದ್ಧಿ ಕಲಿತಿರಲಿಲ್ಲ ಎಂಬುದು ಈ ಪ್ಲಂಬರ್ ಕಾಯುವ ದಿನ ಸಂಜೆ ಗೊತ್ತಾಯಿತು.

ಹನ್ನೊಂದಕ್ಕೆ ತಾಳ್ಮೆ ಕೆಟ್ಟು, ಹೊಸ ನಲ್ಲಿಯನ್ನಾದರೂ ತಂದಿಡೋಣ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. “ಎಷ್ಟು ಇಂಚಿಂದು ಸಾರ್?” ಎಂದರು. ಸ್ಕೇಲ್ ಹಿಡಿದು ಅಳೆದುಕೊಂಡೇ ಹೋಗಿದ್ದೆ. ಗೋಡೆಯಿಂದ ಸ್ವಲ್ಪ ಹೊರಗೆ ಕಾಣುವ ತಿರುಪಿನ ತುದಿ ಸುಮಾರು 21 ಮಿಲಿಮೀಟರ್. “ಮುಕ್ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ” ಅಂದೆ, ಲೆಕ್ಕ ಬಲ್ಲವನ ಗತ್ತಿನಲ್ಲಿ. ಅಂಗಡಿಯವರು ನಕ್ಕು ಒಂದು ನಲ್ಲಿ ಎತ್ತಿ ಕೊಟ್ಟರು. “ಇದೇ ನೋಡಿ, ಅರ್ಧ ಇಂಚು.”

ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಆ ನಲ್ಲಿಯನ್ನು ಹೇಗೆ ತಿರುಗಿಸಿ ಅಳೆದರೂ ಅರ್ಧ ಇಂಚು ಎಲ್ಲೂ ಸಿಗಲಿಲ್ಲ. ಹಳೇ ಕಾಲದ ಪೈಪಿನ ಒಳಗಿನ ತೂತಿನ ಅಳತೆಯಂತೆ ಅದು. ಪೈಪಿನ ದಪ್ಪ ಬದಲಾಯಿತು, ಲೋಹ ಹೋಗಿ ಪ್ಲಾಸ್ಟಿಕ್ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ದೇಶಕ್ಕೆ ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ಸೇರು ಹೋಯಿತು, ಮೈಲಿ ಹೋಯಿತು. ಬಚ್ಚಲುಮನೆಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ. “ಶಾರ್ಟ್ ಬಾಡಿನಾ, ಲಾಂಗ್ ಬಾಡಿನಾ?” ಎಂದು ಮುಂದಿನ ಪ್ರಶ್ನೆ ಬಂತು. ನನ್ನ ಗತ್ತು ಅಷ್ಟರಲ್ಲಿ ಇಳಿದಿತ್ತು. ಯಾವುದೋ ಒಂದು ತೆಗೆದುಕೊಂಡು, ಜೊತೆಗೆ ಟೆಫ್ಲಾನ್ ಟೇಪಿನ ಸುರುಳಿಯೊಂದನ್ನೂ ಹಿಡಿದು ಬಂದೆ.

ಊಟವಾಯಿತು. ಮತ್ತೆರಡು ಸಲ ಫೋನ್ ಮಾಡಿದೆ. ಒಂದು ಸಲ “ಹೊರಟೆ ಸಾರ್”, ಇನ್ನೊಂದು ಸಲ “ಬಂದೇಬಿಟ್ಟೆ ಸಾರ್”. ಬೆಳಿಗ್ಗೆಯೇ ಬಂದವನು ಮಧ್ಯಾಹ್ನ ಹೊರಟು, ಆಮೇಲೆ ಬಂದೇಬಿಟ್ಟಿದ್ದ.

ಹಜಾರದಲ್ಲಿ ಕೂತು ಯೋಚಿಸುವಾಗ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ಬೋರ್ಡಿನ ಮೇಲೆ ಸಾಲಾಗಿ ಬರೆಸುತ್ತಿದ್ದರು: ಬಂದಾನು, ಬಂದಾಳು, ಬಂದೀತು. ಸಂಭಾವನಾರ್ಥಕ ಕ್ರಿಯಾಪದ. ಬರಬಹುದು, ಬರದೆಯೂ ಇರಬಹುದು ಅನ್ನುವ ಅನುಮಾನಕ್ಕೆಂದೇ ಇರುವ ರೂಪ. ಆಗ ಇದು ಯಾರಿಗೆ ಬೇಕು ಅನ್ನಿಸಿತ್ತು. ಪ್ಲಂಬರನ್ನು ಕಾಯುವವರಿಗೆ ಬೇಕು! ಬಂದನು ಅಂದರೆ ಬಂದಾಯಿತು. ಬಂದಾನು ಅಂದರೆ ಆಸೆ. ಮಧ್ಯೆ ಇರುವುದು ಒಂದು ದೀರ್ಘ. ನನ್ನ ಇಡೀ ದಿನ ಆ ದೀರ್ಘದಲ್ಲೇ ಕಳೆದುಹೋಗಿತ್ತು.

ಇದನ್ನು ಅತ್ತೆಗೂ ವಿವರಿಸಿದೆ. ಬೇರೆ ಕೇಳುವವರು ಯಾರೂ ಇರಲಿಲ್ಲ. ಅವರು ಸೋರೆಕಾಯಿ ಹೆಚ್ಚುತ್ತಾ “ಹೌದೇನು” ಅಂದರು, ಅಷ್ಟೇ.

ತೊಂಬತ್ತರ ದಶಕದಲ್ಲಿ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದೂ ನೆನಪಾಯಿತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಓದುತ್ತದೆ ಎಂಬ ನಂಬಿಕೆ. ಆಗ ಹೆದರುತ್ತಿದ್ದೆ. ಈಗ ಆ ದೆವ್ವದ ಮೇಲೆ ಗೌರವ ಬಂದಿದೆ. ನಾಳೆ ಬಾ ಅಂದರೆ ನಾಳೆ ಬರುತ್ತಿತ್ತು. ಅದೂ ತಾನಾಗಿಯೇ, ಫೋನ್ ಮಾಡಿಸಿಕೊಳ್ಳದೆ.

ನಾಲ್ಕು ಗಂಟೆಗೆ ಎರಡನೇ ಬಕೆಟ್ಟೂ ತುಂಬಿತು. ಟ್ಯಾಂಕಿನ ವಾಲ್ವನ್ನೇ ಬಂದ್ ಮಾಡಿಬಿಡೋಣ ಎಂದು ತಾರಸಿಗೆ ಹೋದೆ. ತುಕ್ಕು ಹಿಡಿದ ವಾಲ್ವ್. ಎರಡೂ ಕೈ ಹಾಕಿ ಹಲ್ಲು ಕಚ್ಚಿ ತಿರುಗಿಸುತ್ತಿದ್ದೆ. ಕೆಳಗಿನಿಂದ ಅತ್ತೆಯ ದನಿ ಕೇಳಿಸಿತು.

“ಅಳಿಯಂದ್ರೇ, ನಳದಾಂವ ಬಂದಾನ!”

ಆಹಾ, ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿದೆ ಅನ್ನಿಸಿತು. ನಾನೂ ಮೇಲಿನಿಂದಲೇ ಕೂಗಿದೆ: “ಬಂದಾನು, ಬಂದಾನು! ನೋಡೋಣ ಬಿಡಿ ಅತ್ತೆ!”

ವಾಲ್ವ್ ಅಲುಗಾಡಲಿಲ್ಲ. ಕೈ ಕೆಂಪು ಮಾಡಿಕೊಂಡು ಕಾಲು ಗಂಟೆಯಾದ ಮೇಲೆ ಕೆಳಗೆ ಬಂದೆ. ಜಗಲಿಯ ಮೇಲೆ ಚಹಾ ಕುಡಿದಿಟ್ಟ ಖಾಲಿ ಲೋಟ ಒಂದಿತ್ತು.

“ಯಾರು ಬಂದಿದ್ದರು ಅತ್ತೆ?”

“ಅಂವನ. ನಳದಾಂವ. ಬಂದಾನ ಅಂತ ಒದರಿದ್ನಲ್ಲ ನಾ!”

ಆಗ ಬೆಳಕಾಯಿತು. ಧಾರವಾಡದಲ್ಲಿ ‘ಬಂದಾನ’ ಅಂದರೆ ಬಂದಿದ್ದಾನೆ. ಅನುಮಾನವೇ ಇಲ್ಲ, ಬಾಗಿಲಲ್ಲೇ ನಿಂತಿದ್ದಾನೆ. ಅವನೋ ಅಪ್ಪಟ ಮೈಸೂರಿನವನು. ನಾನು ಮೇಲಿನಿಂದ “ನೋಡೋಣ ಬಿಡಿ” ಅಂದದ್ದನ್ನು ಕೇಳಿಸಿಕೊಂಡಿದ್ದಾನೆ. ನಮ್ಮ ಕಡೆ ನೋಡೋಣ ಬಿಡಿ ಅಂದರೆ ಬೇಡ ಅಂತ ಯಾರಿಗೆ ಗೊತ್ತಿಲ್ಲ? ಸಾಲ ಕೇಳಿದವರಿಗೂ ಹಾಗೇ ಹೇಳುತ್ತೇವೆ, ಗಂಡು ಒಪ್ಪಿಗೆಯಾಗದಿದ್ದರೂ ಹಾಗೇ ಹೇಳುತ್ತೇವೆ. ಚಹಾ ಮುಗಿಸಿ, “ಬರ್ತೀನಿ ಅಮ್ಮ” ಎಂದು ಹೇಳಿ ಹೋದನಂತೆ.

ಹೆಂಡತಿ ಬಂದು ಎರಡು ಬಕೆಟ್, ಒಂದು ಹೊಸ ನಲ್ಲಿ, ಟೇಪಿನ ಸುರುಳಿ ಎಲ್ಲವನ್ನೂ ಸಾಲಾಗಿ ನೋಡಿದಳು. ಏನೂ ಕೇಳಲಿಲ್ಲ. ಅದೇ ಕಷ್ಟ.

ಏಳು ಗಂಟೆಗೆ ಬಾಲ್ಕನಿಗೆ ಹೋಗಿ ಮೆತ್ತಗೆ ಫೋನ್ ಮಾಡಿದೆ. “ಬಂದಿದ್ದೆನಲ್ಲ ಸಾರ್, ನೀವೇ ಬೇಡ ಅಂದ್ರಿ” ಅಂದ. ನನ್ನದೇ ತಪ್ಪು ಮಾರಾಯ, ಹೇಗಾದರೂ ಮಾಡಿ ಈಗಲೇ ಬಂದು ಹೋಗು ಎಂದು ಅಂಗಲಾಚಿದೆ.

“ಬಂದೆ ಸಾರ್” ಅಂದ. ಹಿಂದೆ ಕುಕ್ಕರ್ ಕೂಗಿತು.