ಥ್ರೆಡ್ ತಿರುಗಿತು ಅಂದ ಮಾತ್ರಕ್ಕೆ ಹೊಂದಿತು ಅಂತಲ್ಲ: ರೈಫಲ್ ನಳಿಗೆಯ ಬಾಯಿಯ ಅಳತೆಗಳು

ರೈಫಲ್ ನಳಿಗೆಯ ತುದಿಯಲ್ಲಿ ಮಜಲ್ ಬ್ರೇಕ್ (ಹಿಂದೊದೆತ ತಗ್ಗಿಸುವ ಭಾಗ), ಫ್ಲ್ಯಾಶ್ ಹೈಡರ್ (ಬಾಯಿಯ ಬೆಂಕಿ ಮಿಂಚು ತಗ್ಗಿಸುವ ಭಾಗ) ಅಥವಾ ಸೈಲೆನ್ಸರ್ ಕೂರಿಸಲು ಥ್ರೆಡ್ ಕಡಿದಿರುತ್ತಾರೆ. ಇದಕ್ಕೆ ಎಲ್ಲ ಕಡೆ ಒಂದೇ ಅಳತೆ ಇಲ್ಲ. ಅಮೆರಿಕದ್ದು ಇಂಚಿನ ಲೆಕ್ಕ, ಯುರೋಪಿನದು ಮೆಟ್ರಿಕ್, ಸೋವಿಯತ್ ಮೂಲದ ಎಕೆಎಂ ರೈಫಲಿನದು ಎಡಕ್ಕೆ ತಿರುಗಿಸಿ ಬಿಗಿಯುವ ಥ್ರೆಡ್.

5.56 ಕ್ಯಾಲಿಬರಿನ (ಗುಂಡಿನ ಅಳತೆಯ) ಎಆರ್-15 ರೈಫಲಿಗೆ ಸಾಮಾನ್ಯವಾಗಿ ಇರುವುದು 1/2-28. ಹೊರವ್ಯಾಸ ಅರ್ಧ ಇಂಚು, ಅಂದರೆ 12.7 ಮಿ.ಮೀ.; ಇಂಚಿಗೆ 28 ಥ್ರೆಡ್, ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ) 0.907 ಮಿ.ಮೀ. .308ಕ್ಕೆ 5/8-24: ವ್ಯಾಸ 15.875, ಪಿಚ್ 1.058. ಎಕೆಎಂಗೆ ಎಂ14×1 ಎಡ, ಅಂದರೆ ವ್ಯಾಸ 14 ಮಿ.ಮೀ., ಪಿಚ್ 1 ಮಿ.ಮೀ. ಎಕೆ-74ಕ್ಕೆ ಎಂ24×1.5 ಬಲ, ಅದೂ ನಳಿಗೆಯ ಮೇಲಲ್ಲ, ಮುಂದಿನ ಸೈಟ್ ಬ್ಲಾಕಿನ (ಗುರಿ ನೋಡುವ ಮುಂದಿನ ಕಡ್ಡಿ ಕೂರುವ ತುಂಡಿನ) ಮೇಲೆ. ಯುರೋಪಿನ ಬೇಟೆ ರೈಫಲ್‌ಗಳಲ್ಲಿ ಎಂ14×1, ಎಂ15×1, ಎಂ18×1 ಬಲ ಥ್ರೆಡ್‌ಗಳು ಸಿಗುತ್ತವೆ. ಬ್ರಿಟನ್ನಿನ .22 ರಿಮ್‌ಫೈರ್ ಮತ್ತು ಏರ್ ರೈಫಲ್‌ಗಳಲ್ಲಿ 1/2-20 ಹೆಚ್ಚು.

.308ರಂಥ .30 ಕ್ಯಾಲಿಬರಿಗೆ 5/8 ಯಾಕೆ ಬೇಕು ಅನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 1/2-28 ಥ್ರೆಡ್ಡಿನ ತಳದ ವ್ಯಾಸ ಸುಮಾರು 11.6 ಮಿ.ಮೀ. ಒಳಗೆ 7.82 ಮಿ.ಮೀ. ಗುಂಡು ಹಾಯುವ ತೂತು ಇದ್ದರೆ ಉಳಿಯುವ ಗೋಡೆ ಒಂದೊಂದು ಕಡೆ 1.9 ಮಿ.ಮೀ. ಮಾತ್ರ. 5/8-24 ಆದರೆ 3.4 ಮಿ.ಮೀ. ಉಳಿಯುತ್ತದೆ. ಗೋಡೆ ತೆಳುವಾದಷ್ಟೂ ಬಿಗಿದಾಗ ನಳಿಗೆಯ ಬಾಯಿಯ ಆಕಾರ ಕೆಡುವ ಅಪಾಯ ಹೆಚ್ಚು.

ಥ್ರೆಡ್ ಹೊಂದಿದರೂ ತೂತು ಹೊಂದದೇ ಇರಬಹುದು, ಎಲ್ಲಕ್ಕಿಂತ ದೊಡ್ಡ ಅಪಾಯ ಇದು. 9 ಮಿ.ಮೀ. ನಳಿಗೆಗಳಲ್ಲಿ ಅನೇಕಕ್ಕೆ ಇದೇ 1/2-28 ಇರುತ್ತದೆ. 5.56ರ ಬ್ರೇಕ್ ಅದಕ್ಕೆ ನಯವಾಗಿ ಕೂರುತ್ತದೆ, ಭುಜಕ್ಕೂ (ಥ್ರೆಡ್ಡಿನ ಹಿಂದಿನ ಮೆಟ್ಟಿಲಿಗೂ) ತಾಗುತ್ತದೆ. ಆದರೆ ಗುಂಡು 9 ಮಿ.ಮೀ., ಬ್ರೇಕಿನ ತೂತು ಅದಕ್ಕಿಂತ ಚಿಕ್ಕದು. ಹಾರಿಸಿದರೆ ಬ್ರೇಕ್ ಸಿಡಿಯುತ್ತದೆ. ಎಆರ್-15ರಲ್ಲೇ ಹಾರಿಸುವ .30 ಗುಂಡಿನ .300 ಬ್ಲ್ಯಾಕ್‌ಔಟಿಗೆ 5/8-24 ರೂಢಿಯಾಗಿರುವುದರಿಂದ ಇಂಥ ಅದಲುಬದಲು ಅಲ್ಲಿ ಆಗದು. ಹಾಗಾಗಿ ಥ್ರೆಡ್ ನೋಡುವ ಮೊದಲು ಭಾಗದ ಮೇಲೆ ಕೆತ್ತಿರುವ ಕ್ಯಾಲಿಬರ್ ಓದಿ.

ಇನ್ನು ಗುರುತು ಹಿಡಿಯುವ ಕೆಲಸ. ಮದ್ದುಗುಂಡು ತೆಗೆದು, ಚೇಂಬರ್ ಖಾಲಿ ಇರುವುದನ್ನು ಕಣ್ಣಾರೆ ನೋಡಿಯೇ ವರ್ನಿಯರ್ ಹಿಡಿಯಬೇಕು. ಹೊರ ಥ್ರೆಡ್ ಯಾವಾಗಲೂ ಹೆಸರಿನ ಅಳತೆಗಿಂತ ಕೊಂಚ ಕಡಿಮೆ ತೋರಿಸುತ್ತದೆ: 1/2 ಇಂಚಿನದು 12.5ರಿಂದ 12.7ರ ನಡುವೆ ಬರುತ್ತದೆ. ವ್ಯಾಸ ಒಂದನ್ನೇ ನಂಬಿದರೆ 1/2-28ಕ್ಕೂ 1/2-20ಕ್ಕೂ ವ್ಯತ್ಯಾಸವೇ ತಿಳಿಯದು. ಪಿಚ್ ಗೇಜ್ (ಬೇರೆ ಬೇರೆ ಪಿಚ್‌ನ ಹಲ್ಲುಗಳಿರುವ ತೆಳು ಎಲೆಗಳ ಕಟ್ಟು) ಬೇಕೇಬೇಕು. ನಮ್ಮ ಲೇತ್ ಅಂಗಡಿಗಳ ಗೇಜಿನಲ್ಲಿ ಇಂಚಿನ ಎಲೆಗಳು ಎಷ್ಟೋ ಸಲ ಹಲ್ಲಿನ ಕೋನ 55 ಡಿಗ್ರಿ ಇರುವ ವಿಟ್‌ವರ್ತ್ (ಹಳೆಯ ಬ್ರಿಟಿಷ್ ಮಾದರಿ) ಆಗಿರುತ್ತವೆ. ನಳಿಗೆಯ ಈ ಥ್ರೆಡ್‌ಗಳು 60 ಡಿಗ್ರಿ. ಸಂಖ್ಯೆ ಸರಿ ಇದ್ದರೂ ಎಲೆ ಪೂರ್ತಿ ಕೂರುವುದಿಲ್ಲ.

24 ಟಿಪಿಐ (ಇಂಚಿಗೆ 24 ಥ್ರೆಡ್) ಮತ್ತು 1 ಮಿ.ಮೀ. ಪಿಚ್ ಇನ್ನೂ ಹತ್ತಿರದ ಜೋಡಿ. ಒಂದು ಥ್ರೆಡ್ಡಿಗೆ ವ್ಯತ್ಯಾಸ 0.058 ಮಿ.ಮೀ., ಕಣ್ಣಿಗೆ ಕಾಣದು; ಹತ್ತು ಥ್ರೆಡ್ ಸೇರಿದರೆ 0.58. ಅದಕ್ಕೇ ಎಲೆಯನ್ನು ಉದ್ದಕ್ಕೂ ಒತ್ತಿ, ಹಿಂದೆ ಬೆಳಕು ಹಿಡಿದು ನೋಡಿ. ಶುರುವಿನಲ್ಲಿ ಕೂತ ಹಲ್ಲು ತುದಿಗೆ ಬರುವಾಗ ಏರಿ ಕುಳಿತಿದ್ದರೆ ಅದು ಬೇರೆ ಪಿಚ್. ಎಂ15×1 ನಳಿಗೆಗೆ 5/8-24 ಭಾಗ ಸಿಕ್ಕಿಸಿದರೆ ಹಲ್ಲಿನ ತುದಿ ಮಾತ್ರ ಹಿಡಿದು, ಸಡಿಲವಾಗಿ ಅಲ್ಲಾಡುತ್ತಲೇ ತಿರುಗುತ್ತದೆ. ಸ್ವಲ್ಪ ಲೂಸ್ ಇದೆ ಅಷ್ಟೆ ಅಂತ ಟೇಪ್ ಸುತ್ತಿ ಕೂರಿಸುವ ಯೋಚನೆಯನ್ನು ಅಲ್ಲೇ ಬಿಟ್ಟುಬಿಡಿ.

ಥ್ರೆಡ್ಡಿನ ಕೆಲಸ ಎಳೆದು ಹಿಡಿಯುವುದು. ನೇರವಾಗಿ ಕೂರಿಸುವುದು ಥ್ರೆಡ್ಡಿನ ಹಿಂದಿರುವ ಭುಜ. ಆ ಭುಜ ತೂತಿನ ನಡುಗೆರೆಗೆ 90 ಡಿಗ್ರಿ ಇರಬೇಕು, ಥ್ರೆಡ್ಡೂ ತೂತಿಗೇ ಏಕಕೇಂದ್ರವಾಗಿರಬೇಕು. ನಳಿಗೆಯ ತೂತು ಹೊರಮೈಗೆ ಸರಿಯಾಗಿ ನಡುವೆಯೇ ಇರುತ್ತದೆ ಅನ್ನುವಂತಿಲ್ಲ; ಆದ್ದರಿಂದ ಬಲ್ಲ ಟರ್ನರ್ ನಡು ಹಿಡಿಯಲು ಡಯಲ್ ಗೇಜ್ ಇಡುವುದು ತೂತಿಗೆ, ಹೊರಮೈಗಲ್ಲ. ಭುಜದ ಬುಡದಲ್ಲಿ ರಿಲೀಫ್ ಗ್ರೂವ್ (ಥ್ರೆಡ್ ಮುಗಿಯುವಲ್ಲಿ ಕೊರೆದ ತೋಡು) ಇಲ್ಲದಿದ್ದರೆ ಅರ್ಧಂಬರ್ಧ ಕಡಿದ ಕೊನೆಯ ಥ್ರೆಡ್ಡಿನಲ್ಲೇ ಭಾಗ ಸಿಕ್ಕಿಕೊಂಡು, ಭುಜ ಮುಟ್ಟದೆ ನಿಲ್ಲುತ್ತದೆ.

ಭಾಗ ಬೇಕಾದ ದಿಕ್ಕಿಗೆ ಬಿಗಿದು ನಿಲ್ಲಲು ಅಡಿಗೆ ಹಾಕುವ, ಬಿಗಿದಾಗ ಅಮುಕುವ ಕ್ರಷ್ ವಾಷರ್ ಫ್ಲ್ಯಾಶ್ ಹೈಡರಿಗೆ ಸಾಕು, ಒಂದು ಸಲಕ್ಕೆ ಮಾತ್ರ. ಸೈಲೆನ್ಸರ್ ಕೂರುವ ಮೌಂಟಿನ ಅಡಿಗೆ ಅದು ಬೇಡ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಅಮುಕಿ ವಾಲುತ್ತದೆ. ಅಲ್ಲಿ ಚಪ್ಪಟೆ ಶಿಮ್ (ಅಮುಕದ ತೆಳು ಬಳೆ) ಹಾಕಬೇಕು. ಎಕೆಎಂನ ಓರೆ ಬಾಯಿಯ ಕಾಂಪೆನ್ಸೇಟರಿಗೆ (ನಳಿಗೆ ಮೇಲೇಳುವುದನ್ನು ತಗ್ಗಿಸುವ ಭಾಗಕ್ಕೆ) ಈ ತಾಪತ್ರಯ ಇಲ್ಲ, ಸ್ಪ್ರಿಂಗ್ ಪಿನ್ನೇ ಅದನ್ನು ತಿರುಗದಂತೆ ಹಿಡಿಯುತ್ತದೆ.

ಭಾರತದಲ್ಲಿ ಬಂದೂಕಿನ ತಯಾರಿಕೆ, ದುರಸ್ತಿಗೆ ಶಸ್ತ್ರಾಸ್ತ್ರ ಕಾಯ್ದೆ 1959ರ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಬೇಕು. ನಳಿಗೆಯನ್ನು ಬೀದಿಯ ಲೇತಿಗೆ ಒಯ್ಯುವಂತಿಲ್ಲ.

ಎಲ್ಲ ಕೂರಿಸಿದ ಮೇಲೆ ತೂತಿಗೆ ಹೊಂದುವ ಅಲೈನ್‌ಮೆಂಟ್ ರಾಡನ್ನು ಖಾಲಿ ನಳಿಗೆಯೊಳಗೆ ತೂರಿಸಿ, ಭಾಗದ ಬಾಯಿಯಲ್ಲಿ ನೋಡಬೇಕು. ರಾಡಿನ ಸುತ್ತ ಸಂದು ಸಮನಾಗಿರಬೇಕು. ಒಂದು ಬದಿಗೆ ತಾಗಿದ್ದರೆ ಬಿಚ್ಚಿ, ಭುಜದ ಮೇಲಿನ ಮಸಿ ಒರೆಸಿ ಮತ್ತೆ ಕೂರಿಸಿ. ಆಗಲೂ ತಾಗಿದರೆ ತಪ್ಪು ಭುಜದ್ದೋ ಥ್ರೆಡ್ಡಿನದೋ ಆಗಿರುತ್ತದೆ. ಅದು ಸರಿಯಾಗುವ ತನಕ ಆ ಭಾಗ ಹಾಕಿಕೊಂಡು ಗುಂಡು ಹಾರಿಸಬೇಡಿ.