ದೊಡ್ಡಪ್ಪನ ಕ್ಯಾಮೆರಾ ಜೊತೆ ಜಪಾನಿಗೆ

ಈ ಸಲ ಜಪಾನಿಗೆ ದೊಡ್ಡಪ್ಪನ ಹಳೇ ಫಿಲ್ಮ್ ರೋಲ್ ಕ್ಯಾಮೆರಾ ಪೆಂಟಾಕ್ಸ್ ಕೆ1000 ತಗೊಂಡು ಹೋಗಿದ್ದೆ, 1976ರಲ್ಲಿ ಬಂದ ಮಾಡೆಲ್, ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗೋದು ಬೆಳಕು ಅಳೆಯೋ ಲೈಟ್ ಮೀಟರಿಗೆ ಮಾತ್ರ. ಕಾರವಾರದ ಮಳೆಗಾಲದ ತೇವಕ್ಕೆ ಲೆನ್ಸ್ ಒಳಗೆ ಫಂಗಸ್ ಜೇಡರ ಬಲೆ ಥರ ಹಬ್ಬತ್ತೆ, ಹಾಗಾಗಿ ದೊಡ್ಡಪ್ಪ ಅದನ್ನ ತೇವ ಹೀರೋ ಸಿಲಿಕಾ ಜೆಲ್ ಹಾಕಿದ ಡಬ್ಬೀಲಿ ಜೋಪಾನ ಮಾಡಿದ್ರು. ಹೊರಡೋಕ್ ಮುಂಚೆ ಟಾಗೋರ್ ಬೀಚಲ್ಲಿ ಒಂದು ರೋಲ್ ಹೊಡೆದು ನೋಡ್ಕೊಂಡೆ.

ಏರ್‌ಪೋರ್ಟಲ್ಲಿ ಹುಷಾರಾಗಿರಿ! ಫಿಲ್ಮನ್ನ ಚೆಕ್-ಇನ್ ಲಗೇಜಿಗೆ ಹಾಕ್ಲೇಬೇಡಿ, ಅಲ್ಲಿನ ಎಕ್ಸ್-ರೇಗೆ ಹಾಳಾಗತ್ತೆ. ಕೈಚೀಲಕ್ಕೂ ಈಗ ಕೆಲವು ಕಡೆ ಹೊಸ ಸಿಟಿ (CT) ಎಕ್ಸ್-ರೇ ಸ್ಕ್ಯಾನರ್ ಬಂದಿದೆ, ಒಂದೇ ಸಲಕ್ಕೆ ರೋಲ್ ಹಾಳಾಗಬಹುದು, ಅದಕ್ಕೆ ರೋಲೆಲ್ಲ ಒಂದು ಜಿಪ್ ಕವರಿಗೆ ಹಾಕಿ ಕೈಯಲ್ಲೇ ಚೆಕ್ ಮಾಡಿ ಅಂತ ಮೊದ್ಲೇ ಕೇಳ್ಕೊಳ್ಳಿ.

ಕ್ಯೋಟೋದಲ್ಲಿ ಮೀಟರ್ ನೋಡ್ಲೇ ಇಲ್ಲ. ಚೆನ್ನಾಗಿ ಬಿಸಿಲಿದ್ರೆ ಲೆನ್ಸಿನ ಕಿಂಡಿ (ಅಪರ್ಚರ್) ಎಫ್/16, ಐಎಸ್ಒ 400ರ ಫಿಲ್ಮಿಗೆ ಶಟರ್ 1/500 ಸೆಕೆಂಡ್, ಅಷ್ಟೇ. ಫುಶಿಮಿ ಇನಾರಿ ದೇವಸ್ಥಾನದ ಕೆಂಪು ಕಮಾನುಗಳ ಒಳಗೆ ನೆರಳು ಜಾಸ್ತಿ, ಅಲ್ಲಿ ಹೆಚ್ಚು ಬೆಳಕು ಬರ್ಲಿ ಅಂತ ಕಿಂಡಿ ದೊಡ್ಡದು ಮಾಡಿ ಎಫ್/4ಕ್ಕೆ ಇಳಿಸಿದೆ.